ಯಾರ ಸೈಕಲ್ಲಿಗೆ ಯಾವ ಊರು?



ಈಚಿನ ವರ್ಷಗಳಲ್ಲಿ ಪೇಪರುಗಳಲ್ಲಿ, ನಗರಪಾಲಿಕೆಯ ಬೋರ್ಡುಗಳಲ್ಲಿ, ಮಂತ್ರಿಗಳ ಭಾಷಣಗಳಲ್ಲಿ ಒಂದು ಹೊಸ ಮಾತು ಓಡಾಡುತ್ತಿದೆ: 'ಸೈಕಲ್ ಸ್ನೇಹಿ ನಗರ'. ಜನಸ್ನೇಹಿ, ರೈತಸ್ನೇಹಿ, ಪರಿಸರಸ್ನೇಹಿ ಎಲ್ಲ ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿದೆ. ಈಗ ಸೈಕಲ್ಲಿನ ಸರದಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಹೆಲ್ಮೆಟ್ಟು, ಬಿಗಿ ಚಡ್ಡಿ ತೊಟ್ಟ ದೊಡ್ಡ ಮನುಷ್ಯರು ಲಕ್ಷ ರೂಪಾಯಿಯ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಇಳಿಸಿ ನಾಲ್ಕು ಸುತ್ತು ಹೊಡೆದು, ಫೋಟೋ ತೆಗೆಸಿಕೊಂಡು, ಇಡ್ಲಿ ತಿಂದು ಮತ್ತೆ ಕಾರು ಹತ್ತಿ ಮನೆಗೆ ಹೋಗುತ್ತಾರೆ. ಅವರ ಮೇಲೆ ನಮಗೇನೂ ಸಿಟ್ಟಿಲ್ಲ. ಬೊಜ್ಜು ಕರಗಿಸುವುದೂ ಒಂದು ಕಷ್ಟವೇ. ಆದರೆ ಅದೇ ಭಾನುವಾರ, ಅದೇ ಆರು ಗಂಟೆಗೆ, ಅದೇ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್, ಹಾಲಿನವನು, ಪೇಪರ್ ಹಾಕುವ ಹುಡುಗ, ಗಾರೆ ಕೆಲಸದವನು ಕಿರ್ ಕಿರ್ ಅನ್ನುವ ಸೈಕಲ್ ತುಳಿಯುತ್ತ ಹೋಗುತ್ತಿರುತ್ತಾರೆ. ಅವರ ಫೋಟೋ ಯಾರೂ ತೆಗೆಯುವುದಿಲ್ಲ. ಒಂದು ಊರು ಸೈಕಲ್ಲಿಗೆ ಸ್ನೇಹಿ ಅನ್ನುವಾಗ ಇವರಲ್ಲಿ ಯಾರ ಸೈಕಲ್ಲಿಗೆ ಎಂದು ಕೇಳುವ ಹಕ್ಕು ನಮಗಿದೆ.

2011ರ ಜನಗಣತಿಯ ಪ್ರಕಾರ, ಹೊಲದ ಕೆಲಸ ಮತ್ತು ಮನೆಯೊಳಗಿನ ಕಸುಬು ಬಿಟ್ಟು ಬೇರೆ ಕೆಲಸಕ್ಕೆ ಹೋಗುವ ದೇಶದ ಸುಮಾರು 20 ಕೋಟಿ ಜನರಲ್ಲಿ ನೂರಕ್ಕೆ 13 ಮಂದಿ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಅಂದರೆ ಎರಡೂವರೆ ಕೋಟಿಗೂ ಹೆಚ್ಚು ಜನ. ಇಷ್ಟು ಜನ ಭಾನುವಾರದ ಬಿಗಿ ಚಡ್ಡಿಯವರಾಗಿರಲು ಸಾಧ್ಯವಿಲ್ಲ. ಬೇರೆ ಗತಿಯಿಲ್ಲದೆ ತುಳಿಯುವವರು ಇವರು. ಹಾಸ್ಟೆಲಿನ ನಮ್ಮ ಹುಡುಗರೂ ಈ ಲೆಕ್ಕಕ್ಕೇ ಸೇರಿದವರು.

ಈ ಪತ್ರಿಕೆಯ ಕಟ್ಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಸಭೆಗಳೆಲ್ಲಿ ನಡೆಯುತ್ತವೋ ಅಲ್ಲಿಗೆ ನಾವು ಹೋಗುತ್ತಿರುತ್ತೇವೆ. ಹೋದ ಊರಿನಲ್ಲಿ ಗೆಳೆಯರ ಸೈಕಲ್ ಇಸಕೊಂಡು ಸುತ್ತುವುದು ನಮ್ಮ ಅಭ್ಯಾಸ. ಹಾಗೆ ಸುತ್ತಿದ್ದರಿಂದ ಯಾವ ಊರಿನ ಯಾವ ಏರು ಎಷ್ಟು ಉಸಿರು ತೆಗೆಯುತ್ತದೆ, ಯಾವ ಸರ್ಕಲ್ಲಿನಲ್ಲಿ ಲಾರಿ ಮೈಮೇಲೆ ಬರುತ್ತದೆ ಎಂಬುದು ನಮ್ಮ ಕಾಲಿಗೆ ಗೊತ್ತಾಗಿದೆ. ಈ ಸಲದ ಸಂಪಾದಕೀಯ ಕಾಲಿನಿಂದ ಬರೆದದ್ದು ಅಂದುಕೊಳ್ಳಿ.

ಸೈಕಲ್ಲೇನು ಅಂಥಾ ದೊಡ್ಡ ವಿಷಯ ಎಂದು ಕೆಲವರು ಕೇಳಬಹುದು. ನಮ್ಮವರ ಪಾಲಿಗೆ ದೊಡ್ಡದೇ. 1929ರಲ್ಲಿ, ಇಂದಿನ ಮಹಾರಾಷ್ಟ್ರದ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಬಾಬಾಸಾಹೇಬರು ಇಳಿದಾಗ ಅವರನ್ನು ಕೂರಿಸಿಕೊಂಡು ಹೋಗಲು ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಆಗ ಅವರು ಬ್ಯಾರಿಸ್ಟರ್. ಕೊನೆಗೆ ಟಾಂಗಾ ಮಾತ್ರ ಕೊಟ್ಟರು, ಹೊಡೆಯುವವನನ್ನು ಕೊಡಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ಕೇರಿಯವನೊಬ್ಬ ಹೊಡೆದ, ಮೋರಿಯ ಮೇಲೆ ಚಕ್ರ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಅಸ್ಪೃಶ್ಯನಿಗೆ ಗಾಡಿ ಬೇಕೆಂದರೆ ಗಾಡಿಯವನ ಒಪ್ಪಿಗೆ ಬೇಕಿತ್ತು. ಆ ಒಪ್ಪಿಗೆ ಬೇಡದ ಮೊದಲ ಗಾಡಿ ಸೈಕಲ್ಲು. ಹತ್ತುವುದಕ್ಕೆ ಯಾರನ್ನೂ ಕೇಳಬೇಕಿಲ್ಲ, ಯಾರ ಪಕ್ಕವೂ ಕೂರಬೇಕಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲು ಕಲಿತವನು ಹೈಸ್ಕೂಲಿಗೆ ಹೋದ. ಹೈಸ್ಕೂಲಿಗೆ ಹೋದವನು ಹಾಸ್ಟೆಲಿಗೆ ಬಂದ. ಉತ್ತರದಲ್ಲಿ ಕಾನ್ಶೀರಾಮ್ 1983ರಲ್ಲಿ ಡಿ.ಎಸ್.4 ಸಂಘಟನೆಯ ಹೆಸರಿನಲ್ಲಿ ಜನರ ಬಳಿ ಹೊರಟಿದ್ದು ಸೈಕಲ್ ಜಾಥಾ ಕಟ್ಟಿಕೊಂಡೇ. ಮುಂದಿನ ವರ್ಷ ಬಿ.ಎಸ್.ಪಿ. ಹುಟ್ಟಿತು.

ಅದಕ್ಕೇ ಊರಿನವರಿಗೆ ಸೈಕಲ್ ಕಂಡರೆ ಕಣ್ಣುರಿ. ಮೇಲ್ಜಾತಿಯ ಬೀದಿ ಬಂದಾಗ ಇಳಿದು ತಳ್ಳಿಕೊಂಡು ಹೋಗಬೇಕೆಂಬ ಕಟ್ಟುಪಾಡು ಕತೆಯಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂತಲ್ಲ, ಅದರಲ್ಲಿ ಸಾರ್ವಜನಿಕ ಜಾಗದಲ್ಲಿ ದಲಿತನು ಸೈಕಲ್ಲನ್ನೋ ಮೋಟಾರ್ ಸೈಕಲ್ಲನ್ನೋ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಎಂದು ಬಿಡಿಸಿ ಬರೆದಿದೆ. ಸ್ವಾತಂತ್ರ್ಯ ಬಂದು 68 ವರ್ಷವಾದ ಮೇಲೆ ಪಾರ್ಲಿಮೆಂಟು ಕೂತು 'ಸೈಕಲ್' ಅನ್ನುವ ಪದವನ್ನು ಕಾನೂನಿಗೆ ಸೇರಿಸಬೇಕಾಯಿತು. ಸುಮ್ಮನೆ ಸೇರಿಸುತ್ತಾರೆಯೇ?

ಸಿಟಿಗೆ ಬಂದ ಮೇಲೆ ಇಳಿ ಅನ್ನುವ ಗೌಡನಿಲ್ಲ. ಆದರೆ ರಸ್ತೆಯೇ ಇಳಿ ಅನ್ನುತ್ತದೆ. ಅದು ಯಾವ ಊರಿನಲ್ಲಿ ಎಷ್ಟು ಗಟ್ಟಿಯಾಗಿ ಅನ್ನುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮೈಸೂರಿನಿಂದ ಶುರುಮಾಡೋಣ. ಸತ್ಯ ಹೇಳಬೇಕೆಂದರೆ ನಮ್ಮ ರಾಜ್ಯದ ದೊಡ್ಡ ಊರುಗಳಲ್ಲಿ ಸೈಕಲ್ಲಿಗೆ ಒಳ್ಳೆಯ ಊರು ಅದೇ. 1903ರಲ್ಲೇ ಅಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡು ಹುಟ್ಟಿತು, ಅಗಲ ರಸ್ತೆ ಬಂತು, ಮರ ಬಂತು. ಬೆಟ್ಟವೊಂದನ್ನು ಬಿಟ್ಟರೆ ಕಾಲು ಸೋಲಿಸುವ ಏರು ಕಡಿಮೆ, ಬಿಸಿಲೂ ಅಂಥಾದ್ದಲ್ಲ. ಮಾನಸಗಂಗೋತ್ರಿಯಿಂದ ಕುಕ್ಕರಹಳ್ಳಿ ಕೆರೆಯ ಪಕ್ಕ ಹಾಯ್ದು ಊರೊಳಗೆ ಬರುವ ದಾರಿಯಲ್ಲಿ ಸಂಜೆ ಹೊತ್ತು ಸೈಕಲ್ ತುಳಿದವನಿಗೆ ಪದ್ಯ ಬರೆಯಬೇಕೆನಿಸಿದರೆ ಅದು ಅವನ ತಪ್ಪಲ್ಲ. (ನಾವೂ ಬರೆದಿದ್ದೇವೆ, ಅಚ್ಚು ಹಾಕಿಲ್ಲ, ಹೆದರಬೇಡಿ.) 2017ರ ಜೂನ್ 4ರಂದು ಅಲ್ಲಿ 'ಟ್ರಿಣ್ ಟ್ರಿಣ್' ಅಂತ ಸಾರ್ವಜನಿಕ ಸೈಕಲ್ ಯೋಜನೆ ಶುರುವಾಯಿತು. ಸುಮಾರು 450 ಸೈಕಲ್ಲು, 48 ನಿಲ್ದಾಣ. ಕಾರ್ಡು ಮಾಡಿಸಿಕೊಂಡರೆ ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದಿತ್ತು. ಯೋಜನೆ ಒಳ್ಳೆಯದು. ನಮ್ಮ ಅನೇಕ ಗೆಳೆಯರು ಕಾರ್ಡು ಮಾಡಿಸಿ ಓಡಾಡಿದ್ದಾರೆ. ಇದನ್ನು ಹೊಗಳದೆ ಬೈದರೆ ನಮ್ಮ ನಾಲಿಗೆಗೇ ಮೋಸ.

ಆದರೆ ಆ ನಿಲ್ದಾಣಗಳು ಹೆಚ್ಚಾಗಿ ಎಲ್ಲಿದ್ದವು ಎಂದು ನೋಡಿ. ಅರಮನೆ, ಮೃಗಾಲಯ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡು, ದೊಡ್ಡ ದೊಡ್ಡ ಬಡಾವಣೆಗಳು. ನಂಜನಗೂಡು ರಸ್ತೆಯ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುವವನಿಗೆ, ಊರಾಚೆಯ ಹಾಸ್ಟೆಲಿನ ಹುಡುಗನಿಗೆ ಅದು ದೂರದ ಬೆಟ್ಟವೇ. ಕೆಲವು ವರ್ಷ ಕಳೆದ ಮೇಲೆ ಸೈಕಲ್ಲುಗಳು ಹಳತಾಗಿ ಚೈನು ಕಳಚಿ, ಸೀಟು ಹರಿದು ನಿಂತಿದ್ದನ್ನೂ ಕಂಡೆವು. ಕೊಂಡು ತಂದ ದಿನ ರಿಬ್ಬನ್ ಕತ್ತರಿಸಲು ಜನ ಸಿಗುತ್ತಾರೆ, ಪಂಕ್ಚರ್ ಹಾಕಿಸುವ ದಿನ ಸಿಗುವುದಿಲ್ಲ.

ಇನ್ನು ರಿಂಗ್ ರೋಡು. ಮೈಸೂರಿನದು ಸುಮಾರು 42 ಕಿಲೋಮೀಟರು ಸುತ್ತುತ್ತದೆ. ತುಮಕೂರು, ಕಲಬುರಗಿ, ಯಾವ ಊರಿಗೆ ಹೋದರೂ ಈಗ ಒಂದು ರಿಂಗ್ ರೋಡಿದೆ. ಲಾರಿಗಳು ಊರೊಳಗೆ ಬರಬಾರದೆಂದು ಮಾಡಿದ್ದು. ಒಳ್ಳೆಯದೇ. ಆದರೆ ಸರ್ಕಾರಿ ಜಾಗ ಸಸ್ತಾ ಸಿಗುವುದೂ ಆ ರಿಂಗ್ ರೋಡಿನ ಅಂಚಿನಲ್ಲೇ. ಹಾಗಾಗಿ ನಮ್ಮ ಹಾಸ್ಟೆಲುಗಳು ಎಷ್ಟೋ ಊರುಗಳಲ್ಲಿ ಅಲ್ಲೇ ಎದ್ದಿವೆ. ಊರಿನಲ್ಲಿ ಕೇರಿ ಹೊರಗೆ, ಸಿಟಿಯಲ್ಲಿ ಹಾಸ್ಟೆಲ್ ಹೊರಗೆ. ಕಾಲೇಜು ಒಳಗೆ, ಲೈಬ್ರರಿ ಒಳಗೆ, ಕೋಚಿಂಗು ಒಳಗೆ. ನಡುವೆ ಐದಾರು ಕಿಲೋಮೀಟರ್ ಕತ್ತಲೆ, ಅದರೊಳಗೆ ಟಿಪ್ಪರುಗಳ ಓಟ. ಲೈಬ್ರರಿ ಮುಚ್ಚುವುದು ಎಂಟಕ್ಕೆ, ಹಾಸ್ಟೆಲಿನಲ್ಲಿ ಊಟ ಮುಗಿಯುವುದು ಎಂಟೂವರೆಗೆ. ಕೊನೆಯ ಅರ್ಧ ಗಂಟೆ ಓದಬೇಕೋ ಊಟ ಮಾಡಬೇಕೋ ಎಂದು ದಿನಾ ತೀರ್ಮಾನ ಮಾಡುವ ಹುಡುಗರಿಗೆ ಸೈಕಲ್ ಅಂದರೆ ಏನೆಂದು ಕೇಳಿ, ಹೇಳುತ್ತಾರೆ.

ಊರಿನ ಹೆಸರು ಬೇಡ. ಹೀಗೆ ಒಬ್ಬ ನಮ್ಮ ಬಳಗದ ಹುಡುಗ, ಬಿ.ಎ. ಎರಡನೇ ವರ್ಷದವನು, ಊಟಕ್ಕೆ ಲೇಟಾಯಿತೆಂದು ಜೋರಾಗಿ ತುಳಿದುಕೊಂಡು ಬರುತ್ತಿದ್ದ. ಹಿಂದಿನಿಂದ ಟಿಪ್ಪರ್ ತಾಗಿಸಿಕೊಂಡು ಹೋಯಿತು, ನಿಲ್ಲಿಸಲಿಲ್ಲ. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಹೇಳಿಕೆ ಬರೆದುಕೊಳ್ಳಲು ಬಂದವರು ಕೇಳಿದ ಮೊದಲ ಪ್ರಶ್ನೆ, "ಸೈಕಲ್ಲಿಗೆ ಲೈಟು ಇತ್ತೇನಲೇ?" ಆ ಮೂರು ಕಿಲೋಮೀಟರ್ ರಸ್ತೆಗೆ ಲೈಟು ಇತ್ತೇ ಎಂದು ಯಾರೂ ಕೇಳಲಿಲ್ಲ. ಅವನು ಆ ವರ್ಷ ಪರೀಕ್ಷೆ ಬರೆಯಲಿಲ್ಲ. ಅವರಪ್ಪ ಬಂದು ಟ್ರಂಕು ಹೊತ್ತುಕೊಂಡು ಊರಿಗೆ ಕರೆದುಕೊಂಡು ಹೋದರು. ಹೋಗುವಾಗ ನಮ್ಮ ಕೈ ಹಿಡಿದು, "ಸೈಕಲ್ಲು ರಿಪೇರಿ ಆಗ್ತದಾ ನೋಡಿ ಸ್ವಾಮಿ, ಚಿಕ್ಕವನಿಗೆ ಆಯ್ತದೆ" ಅಂದರು. ರಿಮ್ಮು ಎಂಟಿನ ಆಕಾರಕ್ಕೆ ತಿರುಚಿಕೊಂಡಿತ್ತು. ಆಗದು ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ, ಯಾಕೆಂದರೆ ಆಗ ನಮಗೆ ಗೊತ್ತಿರಲಿಲ್ಲ. ಸೈಕಲ್ಲಿಗೆ ಇನ್ಶೂರೆನ್ಸ್ ಇಲ್ಲದಿದ್ದರೂ ಗುದ್ದಿದ ಗಾಡಿಯ ಇನ್ಶೂರೆನ್ಸಿನಿಂದ ಪರಿಹಾರ ಕೇಳುವ ಹಕ್ಕು ಸೈಕಲ್ಲಿನವನಿಗಿದೆ. ಗುದ್ದಿ ಓಡಿಹೋದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೂ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ತೀವ್ರ ಗಾಯವಾದರೆ 50 ಸಾವಿರ, ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದ್ದಾರೆ. ಅದಕ್ಕೆ ಮೊದಲು ಕೇಸು ದಾಖಲಾಗಬೇಕು. ಆದ್ದರಿಂದ ಯಾರು ಬಿದ್ದರೂ, ಸ್ಟೇಷನ್ನಿನಲ್ಲಿ ಏನೇ ರಾಜಿ ಮಾತಾಡಿದರೂ, ಎಫ್.ಐ.ಆರ್. ಆಗದೆ ಎದ್ದು ಬರಬೇಡಿ.

ಬೆಂಗಳೂರಿಗೆ ಬರೋಣ. ಈ ಮಹಾನಗರ ಒಂದು ಕಾಲಕ್ಕೆ ಸೈಕಲ್ಲಿನ ಊರಾಗಿತ್ತು ಎಂದರೆ ಇವತ್ತಿನ ಹುಡುಗರು ನಗುತ್ತಾರೆ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿದವು. ಸೈರನ್ ಕೂಗಿ ಪಾಳಿ ಬಿಟ್ಟರೆ ಗೇಟಿನಿಂದ ಸೈಕಲ್ಲುಗಳ ಹೊಳೆ ಹರಿಯುತ್ತಿತ್ತು ಎಂದು ಅಲ್ಲಿ ದುಡಿದ ಹಿರಿಯರು ಹೇಳುತ್ತಾರೆ. ಮೀಸಲಾತಿಯಿಂದ ಕಾರ್ಖಾನೆ ಸೇರಿದ ನಮ್ಮ ಹಿರಿಯರ ಮೊದಲ ಸಂಬಳದ ಮೊದಲ ವಸ್ತು ಎಷ್ಟೋ ಮನೆಗಳಲ್ಲಿ ಸೈಕಲ್ಲೇ. ಈಗ ಆ ಊರಿನಲ್ಲಿ ನೋಂದಣಿಯಾದ ಮೋಟಾರು ಗಾಡಿಗಳು ಒಂದು ಕೋಟಿ ದಾಟಿವೆ. ಸಿಗ್ನಲ್ಲೇ ಇಲ್ಲದ ರಸ್ತೆ, ಫ್ಲೈಓವರು, ಅಂಡರ್‌ಪಾಸು, ಎಲ್ಲವೂ ಗಾಡಿ ನಿಲ್ಲದೆ ಓಡಲೆಂದು ಮಾಡಿದವು. ಗಾಡಿ ನಿಲ್ಲದಿದ್ದರೆ ಸೈಕಲ್ಲಿನವನು ಆ ಕಡೆಗೆ ದಾಟುವುದು ಯಾವಾಗ? ಅದನ್ನು ಯಾವ ಎಂಜಿನಿಯರನೂ ಕೇಳಿಕೊಂಡಂತಿಲ್ಲ. ರಸ್ತೆಯ ಎಡ ಅಂಚಿನಲ್ಲಿ ಮಳೆನೀರು ಇಳಿಯಲು ಕಬ್ಬಿಣದ ಜಾಲರಿ ಹಾಕುತ್ತಾರೆ. ಅದರ ಸರಳುಗಳು ರಸ್ತೆಗೆ ಅಡ್ಡಲಾಗಿದ್ದರೆ ಟೈರು ಹಾದುಹೋಗುತ್ತದೆ, ರಸ್ತೆಯ ಉದ್ದಕ್ಕೇ ಇದ್ದರೆ ಮುಂದಿನ ಚಕ್ರ ಅದರೊಳಗೆ ಇಳಿದು ಮನುಷ್ಯ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಜಾಲರಿಯನ್ನು ತಿರುಗಿಸಿ ಕೂರಿಸಲು ಒಂದು ಪೈಸೆ ಹೆಚ್ಚಿಗೆ ಬೇಕಿಲ್ಲ. ಆದರೆ ಹಾಗೆ ಕೂರಿಸಬೇಕು ಎಂದು ಹೊಳೆಯಬೇಕಾದರೆ ಸೈಕಲ್ ತುಳಿಯುವವನೊಬ್ಬ ತಲೆಯಲ್ಲಿರಬೇಕು.

ಪ್ರಯತ್ನ ಆಗಿಲ್ಲವೇ? ಆಗಿದೆ. 2012ರ ಸುಮಾರಿಗೆ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಸ್ವಲ್ಪ ದಿನಕ್ಕೇ ಅದು ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ, ಕೊರೋನಾ ಕಾಲದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆ ಬೇರೆ ದಾರಿ ಮಾಡಿದರು. ಆ ರಸ್ತೆ ಕಂಪ್ಯೂಟರ್ ಕಂಪನಿಗಳ ರಸ್ತೆ. ಆ ಕಂಪನಿಗಳ ನೆಲ ಒರೆಸುವವರು, ಗೇಟು ಕಾಯುವವರು ಬಳಸಿದ್ದರೆ ಅದು ಸಾರ್ಥಕ. ಆದರೆ ಮೆಟ್ರೋ ಕಾಮಗಾರಿಯ ಅಗೆತ ಬಂದಾಗ ಮೊದಲು ಕಣ್ಮರೆಯಾದದ್ದು ಅದೇ ಸೈಕಲ್ಲಿನ ದಾರಿ. ಬಾಡಿಗೆ ಮನೆಯವನನ್ನು ಎಬ್ಬಿಸಿದ ಹಾಗೆ. ಅದೇ 2020ರಲ್ಲಿ ಮೆಟ್ರೋ ರೈಲಿನಲ್ಲಿ ಸೈಕಲ್ ಒಯ್ಯಬಹುದು ಎಂದು ಅಪ್ಪಣೆ ಬಂತು, ಮಡಚುವ ಸೈಕಲ್ ಮಾತ್ರ. ಮಡಚುವ ಸೈಕಲ್ಲಿನ ಬೆಲೆಯಲ್ಲಿ ನಮ್ಮ ಹುಡುಗರು ಒಂದು ವರ್ಷದ ಫೀಜು ಕಟ್ಟುತ್ತಾರೆ. ಊಟ ಹೊತ್ತು ಮನೆಬಾಗಿಲಿಗೆ ತಲುಪಿಸುವ ಕೆಲಸಕ್ಕೆ ಹೋದ ನಮ್ಮ ಹಾಸ್ಟೆಲಿನ ಹಳೆಯ ಗೆಳೆಯರು ಈಗ ಬಾಡಿಗೆಯ ಬ್ಯಾಟರಿ ಗಾಡಿ ಹಿಡಿದಿದ್ದಾರೆ. ಪೆಡಲ್ ತುಳಿಯುವುದು ತಪ್ಪಿತು, ದಿನದ ಬಾಡಿಗೆ ಹತ್ತಿಕೊಂಡಿತು.

ಬೆಂಗಳೂರು-ಮೈಸೂರುಗಳ ನಡುವಿನ ದಾರಿಯ ಮಾತೂ ಇಲ್ಲೇ ಬರಲಿ. 2023ರ ಮಾರ್ಚಿನಲ್ಲಿ ಆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಪೆಡಲಿನ ಗಾಡಿ, ಎತ್ತಿನ ಗಾಡಿ ಯಾವುದೂ ಬರಕೂಡದೆಂದು ನಿಷೇಧವಾಯಿತು. ಸರ್ವೀಸ್ ರಸ್ತೆಯಲ್ಲಿ ಹೋಗಿ ಅಂದರು. ಅಷ್ಟು ವೇಗದ ರಸ್ತೆಯಲ್ಲಿ ಸೈಕಲ್ ಬೇಡ ಎನ್ನುವುದಕ್ಕೆ ನಮ್ಮ ತಕರಾರಿಲ್ಲ, ಸಾಯುವ ಹಕ್ಕಿಗಾಗಿ ನಾವು ಹೋರಾಡುತ್ತಿಲ್ಲ. ಆದರೆ ಹಳೆಯ ರಸ್ತೆ ಎಲ್ಲರದಾಗಿತ್ತು. ಮದ್ದೂರು, ಮಂಡ್ಯದ ಸುತ್ತಿನ ಹಳ್ಳಿಗಳ ಮಕ್ಕಳು ಆ ರಸ್ತೆಯ ಅಂಚಿನಲ್ಲೇ ಸ್ಕೂಲಿಗೆ ಹೋಗುತ್ತಿದ್ದರು. ದೊಡ್ಡವರಿಗೆ ಹೊಸ ರಸ್ತೆ ಕೊಡುವ ಮೊದಲು ಚಿಕ್ಕವರ ದಾರಿ ಪೂರ್ತಿ ಮಾಡಿಕೊಡಬೇಕಿತ್ತು, ಅಷ್ಟೇ.

ಹುಬ್ಬಳ್ಳಿ-ಧಾರವಾಡದ ಗೆಳೆಯರು ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ, "ನೀವು ಬರೇ ಮೈಸೂರು ಸೀಮಿಯವರ ಪೈಕಿ" ಅಂತ. ಇಲ್ರೀ, ಬಂದೇವಿ. ಧಾರವಾಡದ ಒಳಬೀದಿಗಳು ಸೈಕಲ್ಲಿಗೆ ಚಂದ. ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ಪೊಲೀಸ್ ಪರೀಕ್ಷೆ, ಕೆ.ಎ.ಎಸ್. ಎಂದು ಉತ್ತರದ ಎಲ್ಲ ಜಿಲ್ಲೆಗಳಿಂದ ಬಂದ ಹುಡುಗರು ರೂಮು ಹಿಡಿದಿದ್ದಾರೆ. ಸೆಕೆಂಡ್ ಹ್ಯಾಂಡ್ ಸೈಕಲ್ ಒಂದನ್ನು ಮೂವರು ಕೂಡಿ ಕೊಂಡು ಪಾಳಿಯ ಮೇಲೆ ಬಳಸುವವರನ್ನು ನಾವಲ್ಲಿ ಕಂಡೆವು. ಇದಕ್ಕಿಂತ ದೊಡ್ಡ ಸಾರ್ವಜನಿಕ ಸೈಕಲ್ ಯೋಜನೆ ಯಾವ ಸರ್ಕಾರವೂ ಮಾಡಿಲ್ಲ. ವಿಶ್ವವಿದ್ಯಾಲಯ ಮಾತ್ರ ಗುಡ್ಡದ ಮೇಲೆ, ಹೋಗುವಾಗ ತಳ್ಳು, ಬರುವಾಗ ಬಿಡು. ಎರಡೂ ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಬಿ.ಆರ್.ಟಿ.ಎಸ್. ದಾರಿಯಾಗಿ 2018ರಿಂದ 'ಚಿಗರಿ' ಬಸ್ಸು ಓಡುತ್ತಿದೆ. ಬಸ್ಸು ಚೆನ್ನಾಗಿದೆ, ತಂಪಾಗಿದೆ. ಆದರೆ ರಸ್ತೆಯ ನಡುಮಧ್ಯೆ ಬಸ್ಸಿಗೆಂದು ಕಟಕಟೆ ಹಾಕಿ ಬಿಗಿದ ಮೇಲೆ ಈ ಬದಿಯ ಮನುಷ್ಯ ಆ ಬದಿಗೆ ಹೋಗಬೇಕಾದರೆ ಎಲ್ಲೋ ಹೋಗಿ ಎಲ್ಲೋ ತಿರುಗಬೇಕು. ಉಳಿದ ಜಾಗದಲ್ಲಿ ಲಾರಿ, ಕಾರು, ಬೈಕುಗಳ ಜೊತೆ ಸೈಕಲ್ಲಿನವನು ಮೈ ಉಜ್ಜಿಕೊಂಡು ಹೋಗಬೇಕು. ಬಸ್ಸಿಗೆ ಅಷ್ಟು ಅಗಲ ಅಳೆದುಕೊಟ್ಟವರು ಸೈಕಲ್ಲಿಗೆ ಐದಡಿ ಅಳೆದುಕೊಡಬಹುದಿತ್ತು.

ದಾವಣಗೆರೆಯಲ್ಲಿ ನೆಲ ಅಂಗೈಯಷ್ಟು ಸಮ. ಹತ್ತಿ ಮಿಲ್ಲುಗಳಿದ್ದ ಕಾಲದಿಂದಲೂ ಅದು ಕಾರ್ಮಿಕರ ಸೈಕಲ್ಲಿನ ಊರು. ಇವತ್ತಿಗೂ ಮಂಡಕ್ಕಿ ಭಟ್ಟಿಯ ಕಡೆಯಿಂದ ಕ್ಯಾರಿಯರಿನ ಮೇಲೆ ಆಳೆತ್ತರದ ಮಂಡಕ್ಕಿ ಚೀಲ ಹೇರಿಕೊಂಡು ಸೈಕಲ್ ಬರುವುದನ್ನು ನೋಡಬೇಕು. ಹಿಂದಿನಿಂದ ನೋಡಿದರೆ ಚೀಲವೇ ನಡೆದು ಬಂದ ಹಾಗಿರುತ್ತದೆ. ಸೈಕಲ್ಲಿಗೆ ದಾವಣಗೆರೆ ಕೊಡುವ ಸ್ನೇಹ ಯಾವ ಯೋಜನೆಯಿಂದಲೂ ಬಂದದ್ದಲ್ಲ.

ಮಂಗಳೂರನ್ನು ನಾವು ಬೈಯುವುದಿಲ್ಲ. ಅಲ್ಲಿ ಮುರಕಲ್ಲಿನ ಗುಡ್ಡಗಳು, ಒಂದು ಇಳಿದರೆ ಇನ್ನೊಂದು ಏರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ. ಆ ಊರಿನಲ್ಲಿ ಬಡವನಿಗೆ ಬಸ್ಸೇ ಸೈಕಲ್ಲು. ಸೈಕಲ್ ಪಥದ ಹೆಸರಲ್ಲಿ ಅಲ್ಲಿ ದುಡ್ಡು ಸುರಿಯುವ ಬದಲು ಕಾಲುದಾರಿ ಮಾಡಿ, ಬಸ್ಸಿಗೆ ಕಾಯುವವರ ತಲೆಯ ಮೇಲೆ ಸೂರು ಹಾಕಿಕೊಡಲಿ. ಮಡಿಕೇರಿಗೂ ಇದೇ ಮಾತು.

ಬಿಸಿಲಿನ ಜಿಲ್ಲೆಗಳದು ಬೇರೆಯೇ ಸಂಕಟ. ಕಲಬುರಗಿಯ ನೆಲ ಸೈಕಲ್ಲಿಗೆಂದೇ ಹಾಸಿದಂತಿದೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ. ವಿಶ್ವವಿದ್ಯಾಲಯ ಊರಿನಿಂದ ಸುಮಾರು 10 ಕಿಲೋಮೀಟರ್ ಆಚೆ. ಮಧ್ಯಾಹ್ನ ಎರಡು ಗಂಟೆಗೆ ಸೀಟು ಮುಟ್ಟಿದರೆ ಕೈ ಸುಡುತ್ತದೆ, ಡಾಂಬರು ಟೈರನ್ನು ಹಿಡಿದು ಎಳೆಯುತ್ತದೆ. ಅಲ್ಲಿ ಸೈಕಲ್ ಸ್ನೇಹ ಎಂದರೆ ಬೇವಿನ ಮರ. ರಸ್ತೆ ಅಗಲ ಮಾಡುತ್ತೇವೆಂದು ಮೊದಲು ಕಡಿಯುವುದೂ ಅದನ್ನೇ. ಮರ ಮತ್ತು ಕುಡಿಯುವ ನೀರಿನ ನಲ್ಲಿ ಇಷ್ಟು ಇಟ್ಟರೆ ಸಾಕು, ಬಣ್ಣ ಬಳಿದ ಪಥ ಬೇಕಿಲ್ಲ. ವಿಜಯಪುರದ ಮಾತು ಕೇಳಿದರೆ ಇನ್ನೂ ಆಶ್ಚರ್ಯ. ಆ ಊರು, ಪಕ್ಕದ ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆ, ಇಲ್ಲಿಂದಲೇ ರಾಜ್ಯಕ್ಕೆ, ದೇಶಕ್ಕೆ ಸೈಕಲ್ ಪಟುಗಳು ಬಂದಿದ್ದಾರೆ, ಹುಡುಗಿಯರೂ ಬಂದಿದ್ದಾರೆ. ಹೆಚ್ಚಿನವರು ರೈತರ, ಕೂಲಿಯವರ ಮಕ್ಕಳು. ಹೆದ್ದಾರಿಯ ಅಂಚನ್ನೇ ಮೈದಾನ ಮಾಡಿಕೊಂಡು, ಲಾರಿಗಳ ಗಾಳಿಯಲ್ಲಿ ಅಭ್ಯಾಸ ಮಾಡಿ ಪದಕ ತಂದವರು. ಬೆಂಗಳೂರಿನವರು ದಾರಿ ಕೇಳುತ್ತಾರೆ, ಇವರು ದಾರಿಯಿಲ್ಲದೆಯೇ ಗೆದ್ದರು. ಹಾಗಂತ ದಾರಿ ಕೊಡದೆ ಇರಬಹುದು ಅಂತ ಯಾರೂ ತಿಳಿಯಬಾರದು.

ಹುಡುಗಿಯರ ಮಾತು ಬಂತು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ನಮ್ಮ ತಂಗಿಯರು ಅದರಿಂದ ಕಾಲೇಜು ಕಂಡಿದ್ದಾರೆ, ಅದನ್ನು ಹಂಗಿಸುವವರ ಜೊತೆ ನಾವಿಲ್ಲ. ಆದರೆ ಬಸ್ಸು ಹಾಸ್ಟೆಲಿನ ಬಾಗಿಲಿಗೆ ಬರುವುದಿಲ್ಲ. ಕೊನೆಯ ಎರಡು ಕಿಲೋಮೀಟರಿಗೆ ಸೈಕಲ್ಲೇ ಬೇಕು. ಹಾಸ್ಟೆಲಿನ ಹುಡುಗಿಯರನ್ನು ಕೇಳಿದಾಗ ಅವರು ಏರಿನ ಮಾತು, ಬಿಸಿಲಿನ ಮಾತು ಆಡಲಿಲ್ಲ. "ಬೀದಿದೀಪ ಇಲ್ಲಣ್ಣ" ಅಂದರು, ಎಲ್ಲ ಊರಿನಲ್ಲೂ ಅದನ್ನೇ ಅಂದರು. ಸೈಕಲ್ ಸ್ನೇಹಿ ನಗರದ ನೀಲಿನಕ್ಷೆ ಬರೆಯುವವರು ಈ ಒಂದು ವಾಕ್ಯವನ್ನು ಬರೆದುಕೊಳ್ಳಲಿ.

ಈಗ ನಮ್ಮ ನಿಜವಾದ ತಕರಾರಿಗೆ ಬರುತ್ತೇವೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು, ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಈ ರಾಜ್ಯದಲ್ಲಿ ಸೈಕಲ್ಲಿಗಾಗಿ ಆದ ಅತಿ ದೊಡ್ಡ ಕೆಲಸ ಅದು, ಯಾವ ಪಕ್ಷದವರು ಮಾಡಿದರೂ ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಆದರೆ ಅದರ ನಿಯಮದಲ್ಲಿ ಒಂದು ಸಾಲಿತ್ತು: ಹಾಸ್ಟೆಲಿನಲ್ಲಿರುವ ಮಕ್ಕಳಿಗೂ ಬಸ್ ಪಾಸಿರುವ ಮಕ್ಕಳಿಗೂ ಇಲ್ಲ. ಹಾಸ್ಟೆಲಿನಲ್ಲಿದ್ದರೆ ಸ್ಕೂಲು ಪಕ್ಕದಲ್ಲೇ ಇರುತ್ತದೆ ಎಂದು ಕಚೇರಿಯಲ್ಲಿ ಕೂತವರು ತಿಳಿದುಕೊಂಡರು. ಹಾಸ್ಟೆಲನ್ನು ಊರಾಚೆ ಕಟ್ಟಿದವರೂ ಅವರೇ! 2020ರಲ್ಲಿ ಕೊರೋನಾ ಬಂದಾಗ ಆ ವಿತರಣೆಯೂ ನಿಂತಿತು. ಇತ್ತ 2015ರಿಂದ 2025ರ ಮಾರ್ಚಿನವರೆಗೆ ನಡೆದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಮ್ಮ ರಾಜ್ಯದ ಏಳು ನಗರಗಳಿದ್ದವು: ಬೆಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು. ಪಾರ್ಕು, ಕೆರೆ ಏರಿ, ಬಣ್ಣದ ಕಲ್ಲಿನ ಫುಟ್‌ಪಾತು ಎಷ್ಟೋ ಬಂದವು. ಹಾಸ್ಟೆಲಿನಿಂದ ಕಾಲೇಜಿಗೆ ಒಂದು ದಾರಿ ಎಂದು ಯಾರಾದರೂ ಗೆರೆ ಎಳೆದಿದ್ದನ್ನು ನಾವು ಹೋದ ಊರುಗಳಲ್ಲಿ ಕಾಣಲಿಲ್ಲ. ಸೈಕಲ್ಲಿನವರಿಗೂ ನಡೆಯುವವರಿಗೂ ರಸ್ತೆಯಲ್ಲಿ ಹಕ್ಕು ಕೊಡುವ ಮಸೂದೆಯೊಂದರ ಕರಡನ್ನು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ 2022ರ ಹೊತ್ತಿಗೆ ಸಿದ್ಧಪಡಿಸಿತ್ತು. ಕರಡು ಓದಲು ಚೆನ್ನಾಗಿದೆ.

ನಾವು ಕೇಳುವುದು ಆಕಾಶವಲ್ಲ. ಹಾಸ್ಟೆಲ್ ಸೇರಿದ ದಿನ ತಟ್ಟೆ, ಲೋಟ, ಹಾಸಿಗೆ ಕೊಡುವ ಹಾಗೆ ದೂರದ ಹಾಸ್ಟೆಲುಗಳಿಗೆ ಸೈಕಲ್ ಕೊಡಲಿ, ಒಬ್ಬೊಬ್ಬರಿಗೆ ಆಗದಿದ್ದರೆ ರೂಮಿಗೊಂದು. ನಿಲ್ಲಿಸಲು ತಗಡಿನ ಸೂರು, ಬೀಗ ಹಾಕಲು ಒಂದು ಸರಳು. ಹಾಸ್ಟೆಲಿನಿಂದ ಕಾಲೇಜಿಗೆ ದೀಪ. ರಿಂಗ್ ರೋಡನ್ನು ಹಾಯುವ ಕಡೆ ಲಾರಿ ನಿಧಾನವಾಗುವ ಹಾಗೆ ಒಂದು ಹಂಪ್. ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಬೈಕುಗಳು ತುಂಬಿಕೊಂಡು ಸೈಕಲ್ಲನ್ನು ಗೋಡೆಗೆ ಒರಗಿಸಬೇಕಾಗಿ ಬಂದಿದೆ, ಆ ಜಾಗವನ್ನು ನಾವೇ ಹೋಗಿ ಕೇಳಬೇಕು, ಪ್ರಿನ್ಸಿಪಾಲರು ಕರೆದು ಕೊಡುವುದಿಲ್ಲ.

ಮುಂದಿನ ಸಂಚಿಕೆಗೆ ನೀವು ಒಂದು ಕೆಲಸ ಮಾಡಿ. ನಿಮ್ಮ ಹಾಸ್ಟೆಲಿನಿಂದ ಕಾಲೇಜಿಗೆ ಎಷ್ಟು ಕಿಲೋಮೀಟರು, ದಾರಿಯಲ್ಲಿ ಎಷ್ಟು ಕಂಬ, ಅದರಲ್ಲಿ ಉರಿಯುವ ದೀಪ ಎಷ್ಟು, ಹಾಸ್ಟೆಲಿನಲ್ಲಿ ಸೈಕಲ್ ಇರುವವರು ಎಷ್ಟು ಜನ, ಕಳೆದ ವರ್ಷ ಬಿದ್ದವರು ಎಷ್ಟು ಜನ, ಎಣಿಸಿ ಒಂದು ಹಾಳೆಯಲ್ಲಿ ಬರೆದು, ಈ ಪತ್ರಿಕೆ ಮಾರಲು ಬಂದವನ ಕೈಗೆ ಕೊಡಿ. ಹತ್ತು ಊರಿನ ಹಾಳೆಗಳು ಸೇರಿದರೆ ಅವನ್ನೇ ಅಚ್ಚು ಹಾಕಿ, ಜಿಲ್ಲಾಧಿಕಾರಿಗಳ ಮೇಜಿನ ಮೇಲಿಟ್ಟು ಬರೋಣ. ಮಾರಲು ಬಂದವನ ಹತ್ತಿರ ಪಂಪ್ ಇರುವುದಿಲ್ಲ, ಹೋದ ತಿಂಗಳು ಯಾರೋ ಇಸಕೊಂಡವರು ತಂದುಕೊಟ್ಟಿಲ್ಲ. ಅವರು ಇದನ್ನು ಓದುತ್ತಿದ್ದರೆ ದಯವಿಟ್ಟು ಸಭೆ ಮುಗಿಯುವ ಮೊದಲು ತಲುಪಿಸುವುದು.